ನೂಲ ಹುಣ್ಣಿಮೆಗೆ ಬನ್ನಿ: ಕರಾವಳಿಯ ನಕ್ಷೆ ಬರೆಯುವವರಿಗೊಂದು ಬಹಿರಂಗ ಪತ್ರ

ಕರಾವಳಿ ವಲಯದ ನಕ್ಷೆ ತಯಾರಿಸುವ, ತಿದ್ದುವ, ಅದಕ್ಕೆ ಸಹಿ ಹಾಕುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ನಮ್ಮ ಮನೆಯ ಪಡುಬದಿಯ ಹೊಯಿಗೆಯಲ್ಲಿ (ಮರಳಿನಲ್ಲಿ) ಇಬ್ಬರು ಹುಡುಗರು ಮೂರು ಕಾಲಿನ ಕೋಲು ನಿಲ್ಲಿಸಿ, ಅದರ ತಲೆಗೆ ಬಿಳಿ ಬಟ್ಟಲಿನಂಥ ಉಪಕರಣ ಸಿಕ್ಕಿಸಿ ಅಳತೆ ಮಾಡುತ್ತಿದ್ದರು. ಅಬ್ಬಿ ಅಲ್ಲೇ ಪಕ್ಕದಲ್ಲಿ ಚಟ್ಲಿ (ಸಿಗಡಿ) ಒಣಹಾಕುತ್ತಿದ್ದಳು. ನಮ್ಮ ಕುಂದಾಪುರ ಬದಿಯಲ್ಲಿ ತಾಯಿಗೆ ಅಬ್ಬಿ ಎನ್ನುತ್ತೇವೆ. ಅವಳಿಗೆ ಈಗ 74. ಏನು ಅಳೆಯುತ್ತಿದ್ದೀರಿ ಎಂದು ಕೇಳಿದಳು. ಭರತದ (ಉಬ್ಬರದ) ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಗುರುತು ಮಾಡುತ್ತಿದ್ದೇವೆ ಎಂದರು.

ಅಬ್ಬಿ ಕೈಯಲ್ಲಿದ್ದ ಹೆಡಿಗೆ ಕೆಳಗಿಟ್ಟು, ಹುಡುಗರು ನಿಂತಲ್ಲಿಂದ ನಮ್ಮ ಮನೆಯ ಕಡೆಗೆ ಇಪ್ಪತ್ತು ಹೆಜ್ಜೆ ನಡೆದು ಬಂದಳು. ಅಲ್ಲಿ ಓರೆಯಾಗಿ ಬೆಳೆದ ಒಂದು ತೆಂಗಿನ ಮರವಿದೆ. ಅದರ ಬುಡದಲ್ಲಿ ಬಟ್ಟೆ ಒಗೆಯುವ ಕೆಂಪುಕಲ್ಲಿದೆ. ಅದನ್ನು ತೋರಿಸಿ ಹೇಳಿದಳು: "ಅಲ್ಲ್ ಕಾಣಿ ಮಾರಾಯ್ರೆ, ಆ ಕಲ್ಲ್ ಕಾಂತತ್ತಲ್ದಾ? ಆಸಾಡಿ ಅಮಾಸಿಗೆ ನೀರ್ ಅದ್ರ್ ಮೇನ್ ಹತ್ತತ್ತ್. ಈಗ ಬಂದ್ ಕೇಂಡ್ರೆ ಎಂತ ಗೊತ್ತಾತ್ತ್?"

ಹುಡುಗರು ಒಳ್ಳೆಯವರು. ಕೈಕಟ್ಟಿ ನಿಂತು ಕೇಳಿದರು. ತಮಗೆ ಕೊಟ್ಟ ಜಾಗಗಳಲ್ಲಿ ಬಿಂದು ತೆಗೆದುಕೊಂಡು ಹೋಗುವುದಷ್ಟೇ ತಮ್ಮ ಕೆಲಸ, ಊರವರು ಹೇಳಿದ್ದನ್ನು ಬರೆಯಲು ತಮ್ಮ ಹಾಳೆಯಲ್ಲಿ ಕಾಲಂ ಇಲ್ಲ ಎಂದರು. ಬೆಲ್ಲ, ನೀರು ಕುಡಿದು ಹೋದರು. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಆ ಕಾಲಂ ಕೇಳುವುದಕ್ಕಾಗಿಯೇ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೀನುಗಾರರ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಅಪ್ಪ ರಂಪಣಿ ಬಲೆಯವರು, ದಡದಿಂದ ಹಲವರು ಸೇರಿ ಎಳೆಯುವ ದೊಡ್ಡ ಬಲೆ ಅದು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಹೆಚ್ಚಾಗಿ ರಂಪಣಿ ನಿಂತಾಗ, ಅದರ ಸಣ್ಣ ರೂಪವಾದ ಕೈರಂಪಣಿಗೆ ಬಂದರು. ನಮ್ಮದು ಗಂಗೊಳ್ಳಿ ಅಳಿವೆಯಿಂದ (ಹೊಳೆ ಕಡಲು ಸೇರುವ ಬಾಯಿಯಿಂದ) ಬಡಗಣಕ್ಕೆ, ಹೆದ್ದಾರಿಗೂ ಕಡಲಿಗೂ ನಡುವೆ ಸಿಕ್ಕಿಕೊಂಡಂತಿರುವ ಊರು. ಊರಿನ ಹೆಸರು ಬರೆಯುತ್ತಿಲ್ಲ. ಕಾಸರಗೋಡಿನ ಗಡಿಯಿಂದ ಕಾರವಾರದವರೆಗೆ ಯಾವ ಊರಿನ ಹೆಸರು ಇಟ್ಟುಕೊಂಡು ಓದಿದರೂ ಇದರ ಮುಕ್ಕಾಲು ಮಾತು ಅಲ್ಲಿಗೂ ಹೊಂದುತ್ತದೆ.

ಎರಡು ವರ್ಷದ ಹಿಂದೆ ಮನೆಯ ಮೂಡುಬದಿಗೆ ಒಂದು ಕೋಣೆ, ಒಂದು ಪಾಯಿಖಾನೆ ಕಟ್ಟಲು ಅರ್ಜಿ ಹಾಕಿದೆ. ತಂಗಿ ಬಾಣಂತನಕ್ಕೆ ಬರುವವಳಿದ್ದಳು. ಕಚೇರಿಯಲ್ಲಿ ಕಂಪ್ಯೂಟರ್ ತೆರೆದು ನಕ್ಷೆ ತೋರಿಸಿದರು. ನಮ್ಮ ಸಾಲಿನ ಏಳು ಮನೆಗಳ ಮೇಲೆ ಒಂದು ಗೆರೆ ಹಾದುಹೋಗಿತ್ತು. ನಮ್ಮ ಮನೆ ಗೆರೆಯ ಒಳಗೋ ಹೊರಗೋ ಎಂದು ಅವರಿಗೂ ಹೇಳಲಾಗಲಿಲ್ಲ, ನನಗೂ ತಿಳಿಯಲಿಲ್ಲ. 9/11 (ಪಂಚಾಯಿತಿ ಕೊಡುವ ಆಸ್ತಿಯ ನಮೂನೆಗಳು) ಆಗುವುದಿಲ್ಲ ಎಂದು ಅರ್ಜಿ ವಾಪಸ್ ಬಂತು. ಅಬ್ಬಿ, ಚಿಕ್ಕಮ್ಮಂದಿರು, ಅವರ ತಾಯಂದಿರು ಮೀನು ಒಣಗಿಸಿದ ಹೊಯಿಗೆ ಆ ನಕ್ಷೆಯಲ್ಲಿ ಬರೀ ಹಳದಿ ಬಣ್ಣ. ಕಂದಾಯದ ಕಡತದಲ್ಲಿ ಅದು ಪರಂಬೋಕು, ಅಂದರೆ ಸರಕಾರದ ಜಾಗ. ದೋಣಿ ಎಳೆದಿಡುವ ಜಾಗ, ಕಡಲ ದೈವ ಬೊಬ್ಬರ್ಯನ ಗುಡಿಯಿಂದ ಕಡಲಿಗೆ ಇಳಿಯುವ ಓಣಿ, ಬಲೆ ಹೆಣೆಯುವ ಚಪ್ಪರ, ಯಾವುದೂ ಅದರಲ್ಲಿರಲಿಲ್ಲ.

ಅಂದಿನಿಂದ ನಕ್ಷೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಲೆಕ್ಕ ಬರೆಯುವವನಿಗೆ ಅಂಕಿ ಕಂಡರೆ ಬಿಡಲಾಗುವುದಿಲ್ಲ. ಭಾರತದ ಕರಾವಳಿ 7,516 ಕಿ.ಮೀ. ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಈಚೆಗೆ ಕೇಂದ್ರ ಸರಕಾರ ಅದನ್ನು ಮತ್ತೆ ಅಳೆಸಿದೆ. ಈಗ 11,098 ಕಿ.ಮೀ. ಕರ್ನಾಟಕದ ಪಾಲು 280ರಿಂದ 343 ಕಿ.ಮೀ.ಗೆ ಏರಿದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ದಡದ ಬದಲಾವಣೆ ಅಳೆದಾಗ ಇದೇ ಕರ್ನಾಟಕಕ್ಕೆ 313 ಕಿ.ಮೀ. ಎಂದು ಹಿಡಿದಿತ್ತು, ಅದರಲ್ಲಿ ಕಾಲುಭಾಗದ ಹತ್ತಿರ ಕೊರೆತ ಎಂದು ಹೇಳಿತ್ತು. ಒಂದೇ ದಡಕ್ಕೆ ಮೂರು ಉದ್ದ. ಇದರಲ್ಲಿ ಯಾರ ಮೋಸವೂ ಇಲ್ಲ. ಹಳೆಯ 280, 1970ರ ದಶಕದಲ್ಲಿ 45 ಲಕ್ಷಕ್ಕೆ ಒಂದರ ಪ್ರಮಾಣದ ನಕ್ಷೆಯಿಂದ ಬಂದದ್ದು. ಅಂಥ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ 45 ಕಿ.ಮೀ.; ಕುಂದಾಪುರದಿಂದ ಹೊರಟರೆ ಬೈಂದೂರನ್ನೂ ದಾಟಿ ಹೋಗುತ್ತದೆ. ಹೊಸದಕ್ಕೆ ಎರಡೂವರೆ ಲಕ್ಷಕ್ಕೆ ಒಂದರ ನಕ್ಷೆ ಬಳಸಿದ್ದಾರೆ. ಮೊದಲಿನದರಲ್ಲಿ ನೇರ ಗೆರೆಯಾಗಿದ್ದಲ್ಲಿ ಈಗ ಅಳಿವೆ ಕಂಡಿದೆ, ಕೋಡಿ ಕಂಡಿದೆ, ಬಂಡೆಯ ಮೂಗು ಕಂಡಿದೆ. ಅಳತೆಕೋಲು ಸಣ್ಣದಾದಷ್ಟೂ ದಡ ಉದ್ದವಾಗುತ್ತದೆ. ಇನ್ನಷ್ಟು ಹತ್ತಿರ ಬಂದರೆ ಇನ್ನಷ್ಟು ಕಾಣುತ್ತದೆ ಎಂಬುದು ನಿಮ್ಮ ಲೆಕ್ಕದಲ್ಲೇ ಇದೆ.

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ಇರುವುದು 25,000ಕ್ಕೆ ಒಂದರ ಪ್ರಮಾಣದಲ್ಲಿ. ಒಂದು ಸೆಂಟಿಮೀಟರ್‌ಗೆ 250 ಮೀಟರ್. ಕಟ್ಟಡ ಕೂಡದು ಎನ್ನುವ 200 ಮೀಟರ್ ಆ ಹಾಳೆಯ ಮೇಲೆ ಎಂಟು ಮಿಲಿಮೀಟರ್. 50 ಮೀಟರ್ ಎರಡು ಮಿಲಿಮೀಟರ್. ಗೆರೆಯ ದಪ್ಪವೇ ಅರ್ಧ ಮಿಲಿಮೀಟರ್ ಇದ್ದರೆ ನೆಲದ ಮೇಲೆ ಅದು ಹನ್ನೆರಡೂವರೆ ಮೀಟರ್ ಆಯಿತು. ನಮ್ಮ ಮನೆಯ ಉದ್ದ ಒಂಬತ್ತು ಮೀಟರ್. ಅಂದರೆ ನಮ್ಮ ಮನೆ ನಿಮ್ಮ ಪೆನ್ನಿನ ಮಸಿಯ ಒಳಗಿದೆ. ಆ ದಿನ ಕಚೇರಿಯಲ್ಲಿ ಯಾರಿಗೂ ಉತ್ತರ ಗೊತ್ತಾಗದೆ ಹೋದದ್ದಕ್ಕೆ ಕಾರಣ ಇದು.

ಇನ್ನು ಆ ಗೆರೆಯ ವಿಷಯ. ಕಾನೂನಿನಲ್ಲಿ ಭರತದ ಗೆರೆ ಎಂದರೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತದಲ್ಲಿ ನೀರು ನೆಲದ ಮೇಲೆ ಮುಟ್ಟುವ ಅತಿ ಮೇಲಿನ ಮಿತಿ. ವ್ಯಾಖ್ಯೆ ಸರಿಯಾಗಿಯೇ ಇದೆ, ನಮ್ಮ ಹಿರಿಯರೂ ಹಾಗೆಯೇ ಹೇಳುವವರು. ಆದರೆ ಯಾವ ತಿಂಗಳ ಹುಣ್ಣಿಮೆ?

ನಮ್ಮ ಕಡಲು ವರ್ಷಕ್ಕೆ ಎರಡು ದಡ ಇಟ್ಟುಕೊಂಡಿದೆ. ಜೂನ್ ಮೊದಲ ವಾರದಿಂದ ತೆರೆಗಳು ಕಡಿದಾಗಿ, ಒಂದರ ಹಿಂದೆ ಒಂದು ಬಂದು ದಡದ ಹೊಯಿಗೆಯನ್ನು ಕೆರೆದು ಒಯ್ದು ಆಳದಲ್ಲಿ ದಿಬ್ಬವಾಗಿ ಇಡುತ್ತವೆ. ನಾಡದೋಣಿಯವರಿಗೆ ಆ ದಿಬ್ಬ ಚೆನ್ನಾಗಿ ಗೊತ್ತು. ತೆರೆ ಮುರಿಯುವುದು ಅದರ ಮೇಲೆಯೇ. ಮಳೆ ಕಳೆದು ದೀಪಾವಳಿಯ ಹೊತ್ತಿಗೆ ತೆರೆಗಳು ನಿಧಾನವಾಗುತ್ತವೆ. ಒಯ್ದ ಹೊಯಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ತಂದು ಹಾಕುತ್ತವೆ. ಏಪ್ರಿಲ್‌ಗೆ ನಮ್ಮ ಮನೆಯ ಮುಂದೆ ಮಕ್ಕಳು ಕ್ರಿಕೆಟ್ ಆಡುವಷ್ಟು ಅಗಲದ ಬಯಲು. ಜುಲೈಯಲ್ಲಿ ಅದೇ ಜಾಗದಲ್ಲಿ ಮೊಣಕಾಲು ಮಟ್ಟದ ನೊರೆ. ಅಡುಂಬು ಬಳ್ಳಿ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಕೆಳಗೆ ಇಳಿದು ಬರುತ್ತದೆ, ಕೇದಗೆ ಹಿಂಡು ಮಾತ್ರ ಇದ್ದಲ್ಲಿಂದ ಅಲುಗುವುದಿಲ್ಲ. ಅಡುಂಬು ಬಳ್ಳಿಯ ತುದಿ ನೋಡಿ ಗೆರೆ ಎಳೆದವನಿಗೂ ಕೇದಗೆಯ ಬುಡ ನೋಡಿ ಗೆರೆ ಎಳೆದವನಿಗೂ ನಮ್ಮ ಊರಿನಲ್ಲೇ ಹದಿನೈದು ಮೀಟರ್ ವ್ಯತ್ಯಾಸ ಬರುತ್ತದೆ. ನಾನೇ ಹಗ್ಗ ಹಿಡಿದು ಅಳೆದಿದ್ದೇನೆ.

ಉಪಗ್ರಹದ ಚಿತ್ರ ನೋಡಿ ದಡ ಗುರುತಿಸುತ್ತಾರೆ ಎಂದು ಓದಿದ್ದೇನೆ. ಅದು ದೊಡ್ಡ ಸಾಧನೆ, ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಆಕಾಶ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಮೋಡದ ಮೇಲಿಂದ ತೆಗೆದ ಫೋಟೋದಲ್ಲಿ ನಮ್ಮ ದಡ ಕಾಣುವುದಿಲ್ಲ. ಚಿತ್ರ ನಿಚ್ಚಳವಾಗಿ ಸಿಗುವುದು ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ. ಅಳತೆಯ ಹುಡುಗರು ಬರುವುದೂ ಫೆಬ್ರವರಿಯಲ್ಲಿ, ಮಳೆಯಲ್ಲಿ ಉಪಕರಣ ತರಲು ಕಷ್ಟ. ಹೀಗೆ ಕಡಲು ಎಲ್ಲಕ್ಕಿಂತ ದೂರವಿರುವ ಕಾಲದಲ್ಲೇ ನಮ್ಮ ದಡ ದಾಖಲೆಯಾಗುತ್ತದೆ. ಇದರ ಪರಿಣಾಮ ಎರಡೂ ಕಡೆಗೆ ಆಗುತ್ತದೆ: ಬಡವನ ಕೋಣೆಗೆ ಅನುಮತಿ ಸಿಗಬೇಕಾದಲ್ಲಿ ಗೊಂದಲ ಹುಟ್ಟುತ್ತದೆ, ಯಾರೂ ಕಟ್ಟಬಾರದ ಜಾಗದಲ್ಲಿ ಹೊರಗಿನಿಂದ ಬಂದವರು ಕಟ್ಟಲು ದಾರಿಯೂ ಆಗುತ್ತದೆ. ನಾಲ್ಕು ಮಳೆಗಾಲ ಕಳೆದ ಮೇಲೆ ಅಂಥ ಕಟ್ಟಡ ಉಳಿಸಲು ಸರಕಾರದ ದುಡ್ಡಿನಲ್ಲಿ ಕಲ್ಲು ಬರುತ್ತದೆ.

ಅಳಿವೆಗಳ ಮಾತು ಇನ್ನೂ ಜಟಿಲ. ಮರವಂತೆಯಲ್ಲಿ ಸೌಪರ್ಣಿಕಾ ಕಡಲ ಹತ್ತಿರ ಬಂದೇಬಿಟ್ಟಿತು ಎನ್ನುವಾಗ ತಿರುಗುತ್ತದೆ. ನಡುವೆ ಒಂದು ಹೆದ್ದಾರಿಯಷ್ಟೇ ಜಾಗ. ಹಾಗೆ ತಿರುಗಿದ ಹೊಳೆ ತೆಂಕಣಕ್ಕೆ ಹರಿದು ಉಳಿದ ಹೊಳೆಗಳ ಜೊತೆ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಪ್ರವಾಸಿಗರು ಆ ರಸ್ತೆಯಲ್ಲಿ ಕಾರು ನಿಲ್ಲಿಸಿ ಎರಡೂ ಕಡೆಯ ಫೋಟೋ ತೆಗೆಯುತ್ತಾರೆ. ನಮಗೆ ಅದು ಪ್ರತಿ ಜುಲೈಯಲ್ಲಿ ಹೆದರಿಕೆ ಹುಟ್ಟಿಸುವ ಜಾಗ. ಮೂಲ್ಕಿಯ ಬಳಿ ಶಾಂಭವಿ, ನಂದಿನಿ ಒಟ್ಟಾಗಿ ಕಡಲು ಸೇರುವ ಬಾಗಿಲು ಒಂದೇ ಕಡೆ ನಿಂತದ್ದಲ್ಲ; ಅದು ಸರಿದಂತೆ ಸಸಿಹಿತ್ಲು ಬದಿಯ ದಡ ಕರಗಿದ್ದನ್ನು ಆ ಊರಿನವರು ಕಣ್ಣಾರೆ ಕಂಡಿದ್ದಾರೆ. 14ನೇ ಶತಮಾನದಲ್ಲಿ ಈ ದಾರಿಯಲ್ಲಿ ಬಂದ ಇಬ್ನ್ ಬತೂತ ಹೊನ್ನಾವರ, ಬಾರ್ಕೂರು, ಮಂಗಳೂರುಗಳ ಬಗ್ಗೆ ಬರೆದ. ಬಾರ್ಕೂರು ಅವನ ಬಾಯಲ್ಲಿ ಫಾಕನೂರು, ಅಳಿವೆಯ ಮೇಲಿನ ದೊಡ್ಡ ಊರು. ಇವತ್ತು ಬಾರ್ಕೂರಿನಲ್ಲಿ ನಿಂತವನಿಗೆ ಇಲ್ಲಿ ಹಡಗಿನ ವ್ಯಾಪಾರ ನಡೆಯುತ್ತಿತ್ತು ಎಂದರೆ ನಂಬಲು ಹೊತ್ತು ಬೇಕು. ಹೊಳೆಬಾಯಿಯನ್ನು ಒಂದು ಗೆರೆಯಲ್ಲಿ ತೋರಿಸಿದರೆ ಸಾಲದು. ಅದು ಓಡಾಡುವ ಅಗಲವನ್ನೇ ತೋರಿಸಬೇಕು, ಎಷ್ಟು ತೆಂಕಣಕ್ಕೆ, ಎಷ್ಟು ಬಡಗಣಕ್ಕೆ ಎಂದು. ಆ ಅಗಲ ಹೇಳಬಲ್ಲವರು ಪ್ರತಿ ಅಳಿವೆಯ ಪಕ್ಕದಲ್ಲೂ ಇನ್ನೂ ಬದುಕಿದ್ದಾರೆ.

ಹೆಸರುಗಳೇ ಎಷ್ಟೋ ಹೇಳುತ್ತವೆ. ಕೋಡಿ ಎಂದರೆ ಚಾಚಿದ ತುದಿ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವಿನ ಹೊಯಿಗೆಯ ಪಟ್ಟಿ. ಮಂಗಳೂರಿನ ಬೆಂಗ್ರೆಯನ್ನೂ ಸ್ವರ್ಣಾ-ಸೀತೆಯರು ಕಡಲು ಸೇರುವಲ್ಲಿನ ಕೋಡಿಬೆಂಗ್ರೆಯನ್ನೂ ಹೆಸರು ಕೇಳಿದೊಡನೆಯೇ ಕಣ್ಣ ಮುಂದೆ ತಂದುಕೊಳ್ಳಬಹುದು. ಹೊಳೆಯ ನಡುಗಡ್ಡೆಗೆ ನಮ್ಮಲ್ಲಿ ಕುದ್ರು, ಹೊನ್ನಾವರದ ಕಡೆ ಕುರ್ವೆ: ಉಪ್ಪಿನಕುದ್ರು, ಪಾವಿನಕುರ್ವೆ. ಭಟ್ಕಳದ ಅಳ್ವೆಕೋಡಿ ಎಂಬ ಹೆಸರಿನಲ್ಲಿ ಅಳಿವೆಯೂ ಇದೆ, ಕೋಡಿಯೂ ಇದೆ. ಅಘನಾಶಿನಿಯ ಗಜನಿ ಗದ್ದೆ ಎಂದರೆ ಉಪ್ಪುನೀರು ಒಳಗೆ ಬಂದು ಹೋಗುವ ಗದ್ದೆ. ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಅದೇ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಆಯುತ್ತಾರೆ. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ತಾಣದ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಯ ಮನ್ನಣೆ ಸಿಕ್ಕಿತು. ಜಗತ್ತಿನ ಪಟ್ಟಿಗೆ ಸೇರುವಷ್ಟು ಅದು ಉಳಿದುಕೊಂಡು ಬಂದದ್ದರಲ್ಲಿ ಭತ್ತದ ಹೊತ್ತಿಗೆ ಉಪ್ಪುನೀರನ್ನು ತಡೆದು, ಕೊಯ್ಲಾದ ಮೇಲೆ ಒಳಗೆ ಬಿಡುತ್ತಾ ಬಂದ ಜನರ ಪಾಲು ಸಣ್ಣದಲ್ಲ.

ಮಲ್ಪೆಯ ಎದುರಿನ ಕಂಬಗಲ್ಲುಗಳ ದ್ವೀಪವನ್ನು ಎಲ್ಲ ನಕ್ಷೆಗಳೂ ಸೇಂಟ್ ಮೇರೀಸ್ ಎನ್ನುತ್ತವೆ. 1498ರಲ್ಲಿ ವಾಸ್ಕೋ ಡ ಗಾಮ ಇಳಿದು ಇಟ್ಟ ಹೆಸರಿನಿಂದ ಬಂದದ್ದು ಎನ್ನುತ್ತಾರೆ. ಮೀನಿಗೆ ಹೋಗುವವರಿಗೆ ಅದು ತೋನ್ಸೆಪಾರ್. ಮುರ್ಡೇಶ್ವರದ ಎದುರಿನ ನೇತ್ರಾಣಿ ಇಂಗ್ಲಿಷರ ನಕ್ಷೆಯಲ್ಲಿ ಪಾರಿವಾಳದ ದ್ವೀಪ. ಹಳೆಯ ಹೆಸರನ್ನು ಅಳಿಸಿ ಹೊಸದು ಬರೆಯಿರಿ ಎಂಬ ಹಟ ನನಗಿಲ್ಲ, ಎರಡನ್ನೂ ಬರೆಯಬಹುದು. ಆದರೆ ನೀರಿನಡಿಯ ಪ್ರತಿ ಪಾರೆಗೂ, ಬಲೆ ಸಿಕ್ಕಿಕೊಳ್ಳುವ ಪ್ರತಿ ಜಾಗಕ್ಕೂ ನಮ್ಮವರು ಇಟ್ಟ ಹೆಸರಿದೆ. ಅಪ್ಪನ ತಲೆಮಾರಿನವರು ದಡದ ಯಾವ ತೆಂಗಿನ ತೋಪು ಯಾವ ಗುಡ್ಡದ ತಲೆಗೆ ನೇರವಾಗಿ ಕಂಡರೆ ತಾವು ಎಲ್ಲಿದ್ದೇವೆ ಎಂದು ಹೇಳುವವರು. ಈಗಿನ ಹುಡುಗರ ಕೈಯಲ್ಲಿ ಜಿಪಿಎಸ್ ಇದೆ, ಒಳ್ಳೆಯದೇ. ಆ ಹೆಸರುಗಳು ಮಾತ್ರ ಎಲ್ಲೂ ಬರೆದಿಟ್ಟಿಲ್ಲ. ಅಪ್ಪ ಹೋದಾಗ ಎಷ್ಟು ಹೋಯಿತು ಎಂದು ಈಗ ಲೆಕ್ಕ ಹಾಕಲು ನೋಡುತ್ತೇನೆ, ಆಗುವುದಿಲ್ಲ.

ನಾನು ಹೊಸದೇನನ್ನೂ ಕೇಳುತ್ತಿಲ್ಲ ಎಂಬುದನ್ನು ನಿಮಗೆ ನೆನಪಿಸಬೇಕು. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೇ ಇತ್ತು: ಮೀನುಗಾರರ ಹಳ್ಳಿಗಳು, ಅವರ ಸಾಮುದಾಯಿಕ ಜಾಗಗಳು, ಜೆಟ್ಟಿಗಳು, ಐಸ್ ಪ್ಲಾಂಟುಗಳು, ಮೀನು ಒಣಗಿಸುವ ಕಟ್ಟೆಗಳು, ಆಸ್ಪತ್ರೆ, ರಸ್ತೆ, ಶಾಲೆ ಇವನ್ನೆಲ್ಲ ಸರ್ವೆ ನಂಬರು ತೋರಿಸುವ ದೊಡ್ಡ ಪ್ರಮಾಣದ ನಕ್ಷೆಯಲ್ಲಿ ಗುರುತಿಸಬೇಕು ಎಂದು. ಕಡಲ ಬದಿಯ ಮೀನುಗಾರರಿಗೆ ಮುಂದೆ ಎಷ್ಟು ಮನೆ ಬೇಕಾಗಬಹುದು ಎಂದು ರಾಜ್ಯಗಳು ಯೋಜನೆ ಮಾಡಬೇಕು ಎಂದೂ ಇತ್ತು. ಆ ದೊಡ್ಡ ನಕ್ಷೆ ಸುಮಾರು 4,000ಕ್ಕೆ ಒಂದರ ಪ್ರಮಾಣದ್ದು. ಅದರಲ್ಲಿ ಒಂದು ಸೆಂಟಿಮೀಟರ್ 40 ಮೀಟರ್. ನಮ್ಮ ಮನೆ ಅಲ್ಲಿ ಮಸಿಯ ಹೊರಗೆ ಬಂದು ಮನೆಯಾಗಿ ಕಾಣುತ್ತದೆ. ಒಣಗಿಸುವ ಹೊಯಿಗೆಯೂ ಕಾಣುತ್ತದೆ. ಕಚೇರಿಯಲ್ಲಿ ನನಗೆ ತೋರಿಸಿದ್ದು ಅದಲ್ಲ. ಅಂಥದೊಂದು ನಕ್ಷೆಯನ್ನು ನಮ್ಮ ಊರಿನಲ್ಲಿ ಯಾರೂ ಇನ್ನೂ ಕಣ್ಣಲ್ಲಿ ಕಂಡಿಲ್ಲ.

2019ರ ಅಧಿಸೂಚನೆ ಹಳ್ಳಿಗಳನ್ನು ಎರಡು ಮಾಡಿತು. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ ಭರತದ ಗೆರೆಯಿಂದ 50 ಮೀಟರ್, ಉಳಿದ ಕಡೆ 200 ಮೀಟರ್ ಕಟ್ಟಡ ಕೂಡದ ವಲಯ. ಕಾಗದದಲ್ಲಿ ನ್ಯಾಯವಾಗಿಯೇ ಕಾಣುತ್ತದೆ. ಆದರೆ ನಮ್ಮ ಊರಿನ ಗಡಿ ಕಡಲಿನಿಂದ ಹಿಡಿದು ಮೂಡಣದ ಗೇರು ಗುಡ್ಡದವರೆಗೆ ಹೋಗುತ್ತದೆ. ನಡುವೆ ಬೈಲುಗದ್ದೆ, ತೋಟ, ಹಾಡಿ. ಮೀನುಗಾರರ ಮನೆಗಳೆಲ್ಲ ಪಡುವಣದ ಒಂದು ಎಳೆಯಷ್ಟು ಜಾಗದಲ್ಲಿ ಗೋಡೆಗೆ ಗೋಡೆ ತಾಗಿ ನಿಂತಿವೆ. ಗುಡ್ಡವನ್ನೂ ಗದ್ದೆಯನ್ನೂ ಸೇರಿಸಿ ಭಾಗಿಸಿದರೆ ನಾವು ವಿರಳ ಜನವಸತಿಯ ಊರು. ಒಂದೇ ಅಂಗಳದಲ್ಲಿ ಮೂರು ಒಲೆ ಉರಿಯುವ ಮನೆಯವರು ವಿರಳ ಜನವಸತಿಯವರು. ಇದು ಹತ್ತಿರದಿಂದ ನೋಡದೆ ಆದ ತಪ್ಪು.

ಇನ್ನೊಂದು ಮಾತನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ. ಗೆರೆಯಿಂದ 10 ಮೀಟರ್ ಬಿಟ್ಟು ಪ್ರವಾಸಿಗರಿಗೆ ತಾತ್ಕಾಲಿಕ ಗುಡಿಸಲು, ಶೌಚಾಲಯ ಮಾಡಬಹುದು ಎಂದು ಅದೇ 2019ರ ಅಧಿಸೂಚನೆ ಹೇಳುತ್ತದೆ. ಪ್ರವಾಸಿಗರು ಬರಲಿ, ಅವರಿಂದ ನಮ್ಮ ಹುಡುಗರಿಗೂ ಕೆಲಸವಾಗುತ್ತದೆ. ಆದರೆ ಮೀನು ಒಣಗಿಸುವ ಹೊಯಿಗೆ ನಕ್ಷೆಯಲ್ಲಿ ಖಾಲಿ ಎಂದು ಇದ್ದರೆ, ಗುಡಿಸಲಿಗೆ ಜಾಗ ಹುಡುಕುವವನ ಕಣ್ಣು ಮೊದಲು ಬೀಳುವುದು ಎಲ್ಲಿಗೆ? ರಸ್ತೆಗೆ, ಬಂದರಿಗೆ, ಪಾರ್ಕಿಗೆ ಜಾಗ ಹುಡುಕುವವನ ಕಣ್ಣು? ಹೊನ್ನಾವರದ ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರಿನ ವಿಷಯಕ್ಕೆ ಮೀನುಗಾರರು ಬೀದಿಗೆ ಇಳಿದದ್ದು ನಿಮಗೆ ಗೊತ್ತಿದೆ. ಅಲ್ಲಿನ ಸರಿತಪ್ಪು ತೀರ್ಮಾನಿಸುವವನು ನಾನಲ್ಲ. ಆದರೆ ಖಾಲಿ ಜಾಗ ಎಂಬ ಮಾತು ಕಡಲ ಬದಿಯಲ್ಲಿ ಬಹಳ ಸಲ ಸುಳ್ಳು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಆ ಹೊಯಿಗೆ ಖಾಲಿಯಲ್ಲ ಎಂದು ಹೇಗೆ ತೋರಿಸಲಿ? ಬೆಳಿಗ್ಗೆ ಏಳಕ್ಕೆ ಅಬ್ಬಿ ಹೊಯಿಗೆಯ ಮೇಲಿನ ಕಸ ಗುಡಿಸುತ್ತಾಳೆ. ತೆಂಗಿನ ಗರಿಯ ತಟ್ಟಿ ಹಾಸುತ್ತಾಳೆ, ಅದರ ಮೇಲೆ ಹಳೆ ಬಲೆ. ಚಟ್ಲಿಯನ್ನು ಮುಷ್ಟಿ ಮುಷ್ಟಿ ಎತ್ತಿ, ಒಂದರ ಮೇಲೊಂದು ಬೀಳದಂತೆ ಬೀಸಿ ಹರಡುತ್ತಾಳೆ. ಹತ್ತಕ್ಕೆ ಒಮ್ಮೆ ಕೈಯಾಡಿಸಬೇಕು, ಮಧ್ಯಾಹ್ನ ಇನ್ನೊಮ್ಮೆ. ಕಾಗೆಗೆ, ನಾಯಿಗೆ ಒಬ್ಬರು ಕೋಲು ಹಿಡಿದು ಕೂರಬೇಕು. ಬೈಗೆ (ಬೂತಾಯಿ) ಮೀನಾದರೆ ಉಪ್ಪು ಹಾಕಿ, ಎರಡು ಮೂರು ಬಿಸಿಲು ಕಾಣಿಸಬೇಕು. ಯಾರ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೆ ಬೇಲಿಯಿಲ್ಲ, ಪಹಣಿಯಿಲ್ಲ. ಆದರೂ ಒಬ್ಬರ ತಟ್ಟಿ ಇನ್ನೊಬ್ಬರ ಜಾಗಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಮೇ ತಿಂಗಳಲ್ಲಿ ಚೀಲ ಕಟ್ಟಿ ಅಟ್ಟಕ್ಕೆ ಏರಿಸಿದ ಒಣಮೀನು, ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಕಡಲಿಗೆ ಇಳಿಯದ 61 ದಿನ ಮನೆ ನಡೆಸುತ್ತದೆ. ನನ್ನ ಬಿ.ಕಾಂ. ಫೀಸು ಕಟ್ಟಿದ್ದು ಆ ಹಳದಿ ಬಣ್ಣದ ಪಟ್ಟಿ.

ಕಡಲ ಕೊರೆತಕ್ಕೆ ಹಾಕುವ ಕಲ್ಲಿನ ಬಗ್ಗೆ ನೇರವಾಗಿ ಹೇಳಬೇಕು, ಊರಿನಲ್ಲೇ ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ. ತೆರೆ ಅಂಗಳಕ್ಕೆ ಬಂದ ರಾತ್ರಿ ಎಲ್ಲರೂ ಕಲ್ಲು ಹಾಕಿ ಎಂದೇ ಕೂಗುತ್ತೇವೆ. ನಾನೂ ಕೂಗಿದ್ದೇನೆ. ತಹಶೀಲ್ದಾರರ ಕಚೇರಿಗೆ ಮನವಿ ಬರೆದುಕೊಟ್ಟವನೂ ನಾನೇ. ಲಾರಿಗಟ್ಟಲೆ ಕಲ್ಲು ಬಂದು ಬೀಳುತ್ತದೆ. ಎರಡು ಮಳೆಗಾಲದಲ್ಲಿ ಕೆಳಗಿನ ಹೊಯಿಗೆ ಜಾರಿ ಕಲ್ಲು ಕುಸಿಯುತ್ತದೆ, ಮತ್ತೆ ಮನವಿ, ಮತ್ತೆ ಲಾರಿ. ಕಲ್ಲು ಬಿದ್ದಲ್ಲಿ ದೋಣಿ ಎಳೆಯಲಾಗುವುದಿಲ್ಲ. ಕೈರಂಪಣಿಯ ಎರಡು ತುದಿಯ ಹಗ್ಗ ಹಿಡಿದು ಇಪ್ಪತ್ತು ಮೂವತ್ತು ಜನ ಹಿಂದಕ್ಕೆ ನಡೆಯುತ್ತಾ ಎಳೆಯಬೇಕು, ಕಾಲೂರಲು ಬರೀ ಹೊಯಿಗೆ ಬೇಕು; ಕಲ್ಲಿಗೆ ಸಿಕ್ಕಿದ ಬಲೆ ಹರಿಯುತ್ತದೆ. ಹೊಯಿಗೆ ದಡದುದ್ದಕ್ಕೂ ಹರಿಯುವ ವಸ್ತು, ಒಂದು ಕಡೆ ತಡೆದರೆ ತಡೆದ ಬದಿಯಲ್ಲಿ ರಾಶಿ ಬೀಳುತ್ತದೆ, ಆಚೆ ಬದಿಯಲ್ಲಿ ಹೊಂಡ ಬೀಳುತ್ತದೆ. ಉಳ್ಳಾಲದವರು ಇದನ್ನು ಮೂವತ್ತು ವರ್ಷದಿಂದ ಹೇಳುತ್ತಾ ಬಂದರು. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲ ಒಳಗೇ ತಡೆಗಳನ್ನು ಕಟ್ಟಬೇಕಾಯಿತು, ಮರವಂತೆಯಲ್ಲೂ ಅಡ್ಡ ತಡೆಗಳು ಬಂದವು. ಪ್ರತಿಯೊಂದಕ್ಕೂ ಮೊದಲು ಊರವರೊಂದಿಗೆ ಕೂತು ಹೊಯಿಗೆ ಯಾವ ತಿಂಗಳು ಯಾವ ಕಡೆ ಹೋಗುತ್ತದೆ ಎಂದು ಕೇಳಿದ್ದರೆ ಎಷ್ಟು ದುಡ್ಡು ಉಳಿಯುತ್ತಿತ್ತೋ! ಅಪಾಯದ ರೇಖೆ ಎಂದು ಇನ್ನೊಂದು ಗೆರೆ ಎಳೆದಿದ್ದೀರಿ, ಕಡಲು ಮುಂದೆ ಎಲ್ಲಿಯವರೆಗೆ ಬರಬಹುದು ಎಂದು. ಅದು ನಿಯಮಕ್ಕಲ್ಲ, ಯೋಜನೆಗೆ ಮಾತ್ರ ಎಂದು 2019ರಲ್ಲಿ ಹೇಳಿದಿರಿ. ಯೋಜನೆಗಾದರೂ ಅದನ್ನು ನಮಗೆ ತೋರಿಸಿ. ಮಗನಿಗೆ ಮನೆ ಎಲ್ಲಿ ಕಟ್ಟಲಿ ಎಂದು ಯೋಚಿಸುವವರಿಗೆ ಅದು ಬೇಕು.

ಸಿಆರ್‌ಝಡ್ ತೆಗೆದುಹಾಕಿ ಎಂದು ನಾನು ಕೇಳುತ್ತೇನೆ ಎಂದು ದಯವಿಟ್ಟು ಓದಿಕೊಳ್ಳಬೇಡಿ. 1991ರಲ್ಲಿ ಆ ನಿಯಮ ಬರದೆ ಇದ್ದಿದ್ದರೆ ನಮ್ಮ ಪಡುಬದಿಯಲ್ಲಿ ಇವತ್ತು ಗೋಡೆಗಳಿರುತ್ತಿದ್ದವು, ಕಡಲಿಗೆ ಇಳಿಯಲು ಗೇಟಿನಲ್ಲಿ ಹೆಸರು ಬರೆಯಬೇಕಾಗುತ್ತಿತ್ತು. ನಿಯಮ ಬೇಕು. ನಕ್ಷೆಯೂ ಬೇಕು. ಅದು ನಿಜವಾದ ನಕ್ಷೆಯಾಗಿರಬೇಕು.

ಹಾಗಾಗಿ ಕೇಳುವುದು ಇಷ್ಟು. ಪ್ರತಿ ಕಡಲ ಊರನ್ನು ವರ್ಷಕ್ಕೆ ಎರಡು ಸಲ ನಡೆದು ನೋಡಿ, ಬೇಸಗೆಯಲ್ಲಿ ಒಮ್ಮೆ, ಮಳೆಗಾಲದ ಭರತದಲ್ಲಿ ಒಮ್ಮೆ. ನಡೆಯುವಾಗ ಊರಿನ ಇಬ್ಬರು ದೋಣಿಯವರು, ಮೀನು ಒಣಗಿಸುವ ಇಬ್ಬರು ಹೆಂಗಸರು ಜೊತೆಗಿರಲಿ, ಅವರ ದಿನದ ಕೂಲಿ ಕೊಡಿ. ಅವರು ತೋರಿಸಿದ್ದನ್ನು ಅವರು ಹೇಳಿದ ಹೆಸರಿನಲ್ಲೇ ಬರೆದುಕೊಳ್ಳಲು ಹಾಳೆಯಲ್ಲಿ ಕಾಲಂ ಇರಲಿ. ಸರ್ವೆ ನಂಬರಿರುವ ದೊಡ್ಡ ನಕ್ಷೆಯನ್ನು ಕನ್ನಡದಲ್ಲಿ ಮುದ್ರಿಸಿ ನಮ್ಮ ಸಂಘದ ಗೋಡೆಗೆ ಅಂಟಿಸಿ. ಅಂಟು, ಗೋಡೆ ಎರಡನ್ನೂ ನಾನು ಕೊಡುತ್ತೇನೆ. ಫೋನಿನಲ್ಲಿ ತೆರೆಯದ ಇಂಗ್ಲಿಷ್ ಫೈಲನ್ನು ವೆಬ್‌ಸೈಟಿಗೆ ಹಾಕಿದರೆ ಅಬ್ಬಿಯಂಥವರಿಗೆ ಅದು ಪ್ರಕಟವಾದಂತೆ ಆಗುವುದಿಲ್ಲ. ಸಾರ್ವಜನಿಕ ಅಹವಾಲನ್ನು ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಅದು ನಮ್ಮ ಮೀನು ಹರಾಜಾಗುವ ಹೊತ್ತು. ಅಹವಾಲನ್ನು ಊರಿಗೇ ತನ್ನಿ, ಸಂಜೆ ಇಡಿ, ಒಂದು ಜಾಲಿನಲ್ಲಿ (ಅಂಗಳದಲ್ಲಿ) ಕುರ್ಚಿ ಜೋಡಿಸಿದರೆ ಸಾಕು.

ಭರತದ ಗೆರೆಗೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತ ಬೇಕು ಎಂದು ನಿಮ್ಮ ವ್ಯಾಖ್ಯೆಯೇ ಹೇಳುತ್ತದೆ. ಅಂಥ ಎರಡು ದಿನ ನಮ್ಮ ಪಂಚಾಂಗದಲ್ಲಿ ಮೊದಲೇ ಇವೆ. ಒಂದು ಅಬ್ಬಿ ಹೇಳಿದ ಆಸಾಡಿ ಅಮಾಸಿ. ಆ ದಿನ ಮರವಂತೆಯಲ್ಲಿ ಜಾತ್ರೆ, ಹೊಸದಾಗಿ ಮದುವೆಯಾದವರು ಕಡಲಲ್ಲೂ ಹೊಳೆಯಲ್ಲೂ ಮೀಯುತ್ತಾರೆ. ಆ ಜನಸಂದಣಿಯಲ್ಲಿ ನಿಮಗೆ ಕೋಲು ನಿಲ್ಲಿಸಲು ಜಾಗ ಸಿಗಲಿಕ್ಕಿಲ್ಲ. ಅದಾಗಿ ಬರುವ ನೂಲ ಹುಣ್ಣಿಮೆಗೆ ಬನ್ನಿ. ಅಂದು ನಾವು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಪೂಜೆ ಮಾಡುತ್ತೇವೆ. ಊರಿಗೆ ಊರೇ ದಡದಲ್ಲಿರುತ್ತದೆ, ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ. ನಡುಮಧ್ಯಾಹ್ನದ ಆಸುಪಾಸಿಗೆ ಭರತ ತುಂಬುತ್ತದೆ. ಆ ಇಬ್ಬರು ಹುಡುಗರನ್ನೇ ಕಳುಹಿಸಿದರೂ ಆದೀತು, ಅವರಿಗೆ ನಮ್ಮ ಮನೆಯ ದಾರಿ ಗೊತ್ತು. ಉಪಕರಣ ನೆನೆಯದ ಹಾಗೆ ಟಾರ್ಪಾಲು ಹಿಡಿಯಲು ನಾನು, ನನ್ನ ತಮ್ಮ ಇರುತ್ತೇವೆ. ಅಬ್ಬಿ ಆ ಕೆಂಪುಕಲ್ಲಿನ ಪಕ್ಕದಲ್ಲಿ ನಿಂತಿರುತ್ತಾಳೆ.

ಇತಿ,
ಗಂಗೊಳ್ಳಿಯಿಂದ ಬಡಗಣ ದಿಕ್ಕಿನ ಕಡಲ ಬದಿಯ ಒಬ್ಬ ನಿವಾಸಿ